ಎಸ್ಪೊಸಿತೊ ಸರ್‌ನೇಮ್ ಹಿಂದಿನ ರಕ್ತಸಂಬಂಧ ಹುಡುಕೋದು ಹೇಗೆ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಡಿಎನ್‌ಎ ಟೆಸ್ಟ್ ಬಗ್ಗೆ ಗೊತ್ತಿರೋರು ಸ್ವಲ್ಪ ನೋಡಿ. ನಮ್ಮ ಯಜಮಾನ್ರು ಇಟಲಿಯವರು, ನೇಪಲ್ಸ್ ಕಡೆ, ಸರ್‌ನೇಮ್ ಎಸ್ಪೊಸಿತೊ. ಅಲ್ಲಿ ಅನುನ್ಸಿಯಾತಾ ಅನಾಥಾಲಯದ ಗೋಡೇಲಿ ತಿರುಗೋ ಪೆಟ್ಟಿಗೆ ಇತ್ತು, ಹೊರಗಿಂದ ಕೂಸನ್ನ ಇಟ್ಟು ತಿರುಗಿಸಿದ್ರೆ ಒಳಗಿನವರು ಎತ್ಕೊಳ್ಳೋರು, 1875ರ ತನಕ ನಡೀತು, ಹಂಗೆ ಬಂದ ಮಕ್ಕಳಿಗೆ ಈ ಹೆಸರು ಇಡೋರು (1814ರಲ್ಲಿ ಹೆಸರು ಇಡೋದು ಮಾತ್ರ ಬಂದ್ ಮಾಡಿದ್ರು). ಅಂದ್ರೆ ಎಸ್ಪೊಸಿತೊಗಳೆಲ್ಲ ಒಂದೇ ರಕ್ತ ಅಲ್ವೇ ಅಲ್ಲ, ನಮ್ಮ ಗೋತ್ರದ ಲೆಕ್ಕ ಇಲ್ಲಿ ನಡೆಯಲ್ಲ.

ಇಟಲಿಯ ಹಳೇ ಜನನ, ಮದುವೆ, ಮರಣ ದಾಖಲೆಗಳಿರೋ ಅಂತೆನಾತಿ ಪೋರ್ಟಲ್‌ನಲ್ಲಿ 1809ರಿಂದ ರಿಜಿಸ್ಟರ್ ಸ್ಕ್ಯಾನ್ ಫ್ರೀ ಸಿಗತ್ತೆ, ಹಿಂದಕ್ಕೆ ಹೋಗ್ತಾ ಹೋಗ್ತಾ ಒಂದು ಮದುವೆ ದಾಖಲೇಲಿ ಗಂಡಿನ ಅಪ್ಪ ಅಮ್ಮ ಇಬ್ರ ಜಾಗದಲ್ಲೂ ಗೊತ್ತಿಲ್ಲ ಅಂತ ಬರೆದಿದಾರೆ, ಅಲ್ಲಿಗೆ ದಾರಿ ಮುಗೀತು. ಆಟೋಸೋಮಲ್ ಟೆಸ್ಟ್ (ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದ ಡಿಎನ್‌ಎ ನೋಡೋದು) ಮಾಡ್ಸಿದ್ರೆ ದಕ್ಷಿಣ ಇಟಲಿ ಅಂತ ಬಂತು, ಅದನ್ನ ಹೇಳೋಕೆ ಟೆಸ್ಟ್ ಯಾಕೆ ಬೇಕಿತ್ತೋ. ಅಪ್ಪನಿಂದ ಮಗನಿಗೆ ಮಾತ್ರ ಬರೋ ವೈ ಕ್ರೋಮೋಸೋಮ್ ನೋಡೋ ವೈ-37 ಟೆಸ್ಟಲ್ಲಿ ಜೆ2 (ಗಂಡು ವಂಶದ ಒಂದು ಹಳೇ ದೊಡ್ಡ ಗುಂಪು) ಬಂತು, ಮ್ಯಾಚ್ ಲಿಸ್ಟಲ್ಲಿ ಒಬ್ರೂ ಎಸ್ಪೊಸಿತೊ ಇಲ್ಲ, ಎಲ್ಲಾ ಬೇರೆ ಬೇರೆ ಸರ್‌ನೇಮ್. ಇದರಲ್ಲಿ ಯಾವುದಾದ್ರೂ ಒಂದು ಆ ಕೂಸಿನ ನಿಜವಾದ ಅಪ್ಪನ ಕಡೆಯದಾ, ಇಲ್ಲಾ ಸರ್‌ನೇಮ್‌ಗಳು ಹುಟ್ಟೋಕ್ ಮುಂಚಿನ ಹಳೇ ನಂಟಾ ಅನ್ನೋದೇ ತಿಳೀತಿಲ್ಲ.

ಇದು ಕ್ಲಿಯರ್ ಆಗಕ್ಕೆ ವೈ ಕ್ರೋಮೋಸೋಮನ್ನ ಇನ್ನೂ ಆಳವಾಗಿ ನೋಡೋ ಬಿಗ್ ವೈ-700ಗೆ ಅಪ್‌ಗ್ರೇಡ್ ಮಾಡೋದಾ, ಅಥವಾ ಅದೇ ದುಡ್ಡಲ್ಲಿ ವಯಸ್ಸಾದ ಮಾವನವರ ಆಟೋಸೋಮಲ್ ಮೊದಲು ಮಾಡ್ಸೋದಾ? ಮಾಡಿ ನೋಡಿದವರು ಹೇಳಿ ಪ್ಲೀಸ್.