90 ದಿನದೊಳಗೆ ಚಾರ್ಜ್‌ಶೀಟ್, ಮನೆಗೆ ವಕೀಲರ ನೋಟಿಸ್. ಕೊಲೆ ಕೇಸಿನ ಐಒಗಳೇ (ತನಿಖಾಧಿಕಾರಿಗಳೇ), ನೀವು ಏನು ಮಾಡಿದಿರಿ?

ಅಡಿಕೆಸೀಮೆ ಪಿಐ:
ಎಲ್ಲರಿಗೂ ನಮಸ್ಕಾರ. ಹೆಸರು, ಠಾಣೆ ಹೇಳುವುದಿಲ್ಲ. ಮಲೆನಾಡಿನ ಒಂದು ಠಾಣೆ ಅಂತ ಇಟ್ಟುಕೊಳ್ಳಿ. ಅಡಿಕೆ ತೋಟದ ಒಂದು ಕೊಲೆ ಕೇಸಿಗೆ ನಾನೇ ಐಒ. ಇಬ್ಬರು ಒಳಗಿದ್ದಾರೆ, ಮೂರನೆಯವನು ಸಿಕ್ಕಿಲ್ಲ. ರಿಮ್ಯಾಂಡ್ ಆಗಿ (ಕೋರ್ಟ್ ಕಸ್ಟಡಿಗೆ ಕಳಿಸಿ) ಇವತ್ತಿಗೆ 41 ದಿನ. 90ರೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವರಿಗೆ ಬೇಲ್ ಸಿಗುತ್ತದೆ. ಹೆಂಡತಿ ಎರಡು ತಿಂಗಳಿಂದ ಶಿವಮೊಗ್ಗದ ತವರಿನಲ್ಲಿದ್ದಾಳೆ, ಹೋದ ವಾರ ವಕೀಲರ ನೋಟಿಸ್ ಬಂತು. ಮಗನಿಗೆ ಈ ವರ್ಷ ಎಸ್ಸೆಸ್ಸೆಲ್ಸಿ, ಅವನೂ ಅಲ್ಲೇ. ಅಮ್ಮ ತೀರ್ಥಹಳ್ಳಿ ಕಡೆ ಊರಲ್ಲಿ ಒಬ್ಬರೇ ಇದ್ದಾರೆ. ಮರೆವು ಜಾಸ್ತಿ ಆಗಿದೆ, ಒಲೆ ಹಚ್ಚಿಟ್ಟು ತೋಟಕ್ಕೆ ಹೋಗಿಬಿಡುತ್ತಾರೆ. ಒಂದು ನಾನ್ ಎಕ್ಸಿಕ್ಯುಟಿವ್ ಪೋಸ್ಟ್ (ಠಾಣೆ, ತನಿಖೆ ಇಲ್ಲದ್ದು) ಖಾಲಿ ಇದೆ, ಈಗ ಕೇಳಿದರೆ ಸಿಗಬಹುದು. ಕೇಸ್ ನಡುವೆ ಬಿಟ್ಟು ಹೋಗಲಾ, ಚಾರ್ಜ್‌ಶೀಟ್ ಹಾಕಿ ಹೋಗಲಾ? ಇದನ್ನೆಲ್ಲ ಅನುಭವಿಸಿದವರು ಹೇಳಿ.

ಹಳೇ ಸಿಪಿಐ:
ಬಿಡಬೇಡಿ ಸಾರ್. ನನ್ನದು ಕೇಳಿ. ಆಗ ಶರಾವತಿ ಹಿನ್ನೀರಿಗೆ ಸೇತುವೆ ಇರಲಿಲ್ಲ, ಲಾಂಚೇ ಗತಿ. ತುಮರಿ ಕಡೆ ನೀರಿನಲ್ಲಿ ಒಬ್ಬ ಹೆಣ್ಣುಮಗಳ ಬಾಡಿ ಸಿಕ್ಕಿತು. ಬಟ್ಟೆ ಒಗೆಯುವಾಗ ಕಾಲು ಜಾರಿತು ಅಂತ ಗಂಡ ಹೇಳಿದ, ಯುಡಿಆರ್ (ಅಸಹಜ ಸಾವಿನ ಕೇಸ್) ಆಯಿತು. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ್ ಸಂಜೆ ಫೋನ್ ಮಾಡಿ, ಕುತ್ತಿಗೆಯ ಗುರುತು ಒಮ್ಮೆ ನೀವೇ ಬಂದು ನೋಡಿ, ಇದು ನೀರು ಕುಡಿದು ಸತ್ತದ್ದಲ್ಲ ಅಂದರು. ಅಲ್ಲಿಂದ ಕೇಸ್ 302 (ಕೊಲೆ) ಆಯಿತು.

ಮಾರನೇ ದಿನ ಸಂಜೆ 6ಕ್ಕೆ ಶಿವಮೊಗ್ಗದಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಮಧ್ಯಾಹ್ನದ ಒಳಗೆ ಬರುತ್ತೇನೆ ಅಂತ ಹೇಳಿ ಬೆಳಿಗ್ಗೆ ಹೊಳೆ ದಾಟಿದೆ. ಗಂಡ ಮಧ್ಯಾಹ್ನ ಬಾಯಿ ಬಿಟ್ಟ, ಹಗ್ಗ ತೋರಿಸುತ್ತೇನೆ ಅಂದ. ಅವನು ಹೇಳಿದ ಜಾಗದಲ್ಲೇ ಹಗ್ಗ ಸಿಗಬೇಕು, ಪಂಚರ ಎದುರೇ ಸಿಗಬೇಕು, ಅದೂ ಅವತ್ತೇ ಆಗಬೇಕು, ರಾತ್ರಿ ಕಳೆದು ಅವನ ಅಣ್ಣ ಬಂದು ಕಿವಿ ಊದಿದರೆ ಕಥೆ ಮುಗಿಯಿತು. ಕೊಟ್ಟಿಗೆಯ ಅಟ್ಟದಲ್ಲಿ ದರಗಿನ (ಒಣ ಎಲೆಯ) ಒಳಗೆ ಇಟ್ಟಿದ್ದ. ಮಹಜರು ಬರೆದು ಸಹಿ ಹಾಕಿಸುವ ಹೊತ್ತಿಗೆ ಕೊನೆಯ ಲಾಂಚ್ ಹೋಗಿತ್ತು. ಕಳಸವಳ್ಳಿ ದಡದಲ್ಲಿ ಜೀಪಿನಲ್ಲೇ ರಾತ್ರಿ ಕಳೆದೆವು. ನಾನು, ಇಬ್ಬರು ಪಿಸಿ, ಆರೋಪಿ. ನನ್ನ ಜಾಗದಲ್ಲಿ ಕೂತು ತಾಂಬೂಲ ಬದಲಾಯಿಸಿದ್ದು ನನ್ನ ಭಾಮೈದ.

ಖರ್ಚು ಬರೆದಿಟ್ಟಿದ್ದೇನೆ, ಡೈರಿ ಇನ್ನೂ ಇದೆ. ಈಜುಗಾರರಿಗೆ 3,000, ದೋಣಿಗೆ 1,200, ಬಾಡಿ ಸಾಗಿಸಿದ ಟೆಂಪೊಗೆ 2,500, ಫೋಟೋದವನಿಗೆ 1,800, ಪಂಚರ ಊಟಕ್ಕೆ 640. ಒಟ್ಟು 9,140. ವಾಪಸ್ ಬಂದದ್ದು 2,100. ಉಳಿದದ್ದು ನಿಶ್ಚಿತಾರ್ಥಕ್ಕೆ ಅಂತ ತೆಗೆದಿಟ್ಟ ದುಡ್ಡು. ಒಬ್ಬ ಪಂಚ ಕೋರ್ಟಿನಲ್ಲಿ ಉಲ್ಟಾ ಹೊಡೆದ, ಇನ್ನೊಬ್ಬ ನಿಂತ. ಗಂಡನಿಗೆ ಜೀವಾವಧಿ ಆಯಿತು. ಚಾರ್ಜ್‌ಶೀಟ್ ಹಾಕಿದ್ದು 88ನೇ ದಿನ. ನೀವೂ ರಿಮ್ಯಾಂಡ್ ದಿನ ಬಿಟ್ಟು ಎಣಿಸಿಕೊಳ್ಳಿ, ಇನ್ನೂ ಬೇಕಾದಷ್ಟು ಟೈಮ್ ಇದೆ.

ದುರ್ಗಿಗುಡಿಯವಳು:
ನಾನು ಪೊಲೀಸ್ ಅಲ್ಲ. ಒಬ್ಬ ಇನ್ಸ್‌ಪೆಕ್ಟರ್‌ಗೆ 14 ವರ್ಷ ಹೆಂಡತಿಯಾಗಿದ್ದೆ. ಮೇಲೆ ಬರೆದ ಸಾಹೇಬರು ಹಗ್ಗ ಸಿಕ್ಕ ಜಾಗ ಹೇಳಿದರು, ಪಂಚರ ಊಟದ ದುಡ್ಡು ಹೇಳಿದರು. ಆ ರಾತ್ರಿ ಮಗಳು ಏನು ಹೇಳಿದಳು ಅಂತ ಒಂದು ಸಾಲು ಬರೆದಿಲ್ಲ.

14 ವರ್ಷದಲ್ಲಿ 9 ಮನೆ ಬದಲಾಯಿಸಿದ್ದೇವೆ. ಮಗನಿಗೆ ಐದು ಶಾಲೆ. ಲಾರಿ ಬಾಡಿಗೆ, ಅಡ್ವಾನ್ಸ್, ಹೊಸ ಯೂನಿಫಾರಂ, ಡೊನೇಷನ್ ಎಲ್ಲ ಸೇರಿಸಿ ಕೊನೆಯ ನಾಲ್ಕು ಬದಲಾವಣೆಗೇ 2 ಲಕ್ಷ 70 ಸಾವಿರ ಆಗಿತ್ತು, ನನ್ನ ಬಳೆ ಹೋದದ್ದು ಅದಕ್ಕೇ. ಕೊಪ್ಪ ಕಡೆ ಇದ್ದಾಗ, ಜುಲೈ ತಿಂಗಳು, ಮಾವನಿಗೆ ರಾತ್ರಿ ಪಾರ್ಶ್ವವಾಯು ಹೊಡೆಯಿತು. ಇವರು ಎಸ್ಟೇಟ್ ಒಂದರ ಕೊಲೆ ಸ್ಪಾಟ್‌ನಲ್ಲಿದ್ದರು, ನೆಟ್‌ವರ್ಕ್ ಇಲ್ಲ. ವೈರ್‌ಲೆಸ್‌ನಲ್ಲಿ ಹೇಳಿಸಿದೆ. ಉತ್ತರ ಬಂತು: ಬಾಡಿ ಎತ್ತಿಲ್ಲ, ಎತ್ತಿದ ಮೇಲೆ ಬರುತ್ತಾರೆ. ಪಕ್ಕದ ಮನೆ ಹುಡುಗ ಓಮ್ನಿ ಓಡಿಸಿದ. ರಸ್ತೆಗೆ ಮರ ಬಿದ್ದಿತ್ತು, ಕತ್ತಿ ಹುಡುಕಿ ಕೊಂಬೆ ಕಡಿದು ದಾಟಲು ಒಂದೂಕಾಲು ಗಂಟೆ. ಮಾವನ ಬಲಗೈ ಆಮೇಲೆ ಸರಿ ಹೋಗಲೇ ಇಲ್ಲ. ಇವರು ಬಂದದ್ದು ಮೂರನೇ ದಿನ. ಬಂದವರು ಮೊದಲು ಯೂನಿಫಾರಂ ಬಿಚ್ಚಿ ಬಕೆಟ್‌ಗೆ ಹಾಕಿದರು. ಆ ವಾಸನೆ ಡೆಟಾಲ್‌ಗೆ ಹೋಗುವುದಿಲ್ಲ. ನಿಂಬೆಹುಳಿ, ಬಿಸಿನೀರು, ಸೀಗೆಪುಡಿ, ಎಲ್ಲ ಮಾಡಿದ್ದೇನೆ. ಮಳೆಗಾಲದಲ್ಲಿ ಒಣಗುವುದೂ ಇಲ್ಲ, ಬಚ್ಚಲ ಒಲೆಯ ಮೇಲೆ ಹರಡಬೇಕು. ಸತ್ತವನು ಯಾರು ಅಂತ ಹೆಸರೂ ಗೊತ್ತಿಲ್ಲದೆ ಅವನ ವಾಸನೆಯನ್ನು ನಾನು ಒಗೆದೆ.

ಈಗ ಅವರು ಬೇರೆ ಜಿಲ್ಲೆಯಲ್ಲಿದ್ದಾರೆ. ಹಳೇ ಕೇಸಿಗೆ ಸಾಕ್ಷಿ ಸಮನ್ಸ್ ಬಂದಾಗ ಶಿವಮೊಗ್ಗಕ್ಕೆ ಬರುತ್ತಾರೆ, ಕೋರ್ಟ್ ಮುಗಿಸಿ ಬಸ್ ಹಿಡಿಯುವವರೆಗೆ ಮಗನ ಜೊತೆ ಇರುತ್ತಾರೆ. ಅಡ್ಜರ್ನ್ ಆದರೆ ಮಗನಿಗೆ ಖುಷಿ, ಅಪ್ಪ ಇನ್ನೊಂದು ಸಲ ಬರುತ್ತಾರೆ ಅಂತ.

ಹಳೇ ಸಿಪಿಐ:
ಅಮ್ಮಾ, ನಿಮ್ಮ ನೋವು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಬಾಡಿ ಬಿಟ್ಟು ಐಒ ಎದ್ದು ಹೋದರೆ ಮಳೆಯಲ್ಲಿ ಸ್ಪಾಟ್ ಏನಾಗುತ್ತದೆ ಗೊತ್ತಾ? ಅರ್ಧ ಗಂಟೆಯಲ್ಲಿ ರಕ್ತ, ಹೆಜ್ಜೆ ಎಲ್ಲ ತೊಳೆದು ಹೋಗುತ್ತದೆ. ನನ್ನ ಮಗಳು ಇವತ್ತಿಗೂ ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ.

ದುರ್ಗಿಗುಡಿಯವಳು:
ನನ್ನನ್ನು ಅಮ್ಮಾ ಅನ್ನಬೇಡಿ. ನಿಮ್ಮ ಮಗಳೇ ಇಲ್ಲಿ ಬಂದು ಬರೆಯಲಿ, ಆಮೇಲೆ ನಂಬುತ್ತೇನೆ.

ಟ್ರೈನಿಂಗ್‌ಗೆ ಹೋದವನು:
ನಾನು ಬಿಟ್ಟು ಹೋದವನು. 52ನೇ ದಿನ ಚಾರ್ಜ್ ಕೊಟ್ಟು ತರಬೇತಿ ಶಾಲೆಗೆ ಹೋದೆ. ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಮೂರು ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ನಾನಿದ್ದ ಠಾಣೆಯಿಂದ ಶಿವಮೊಗ್ಗಕ್ಕೆ ಟ್ಯಾಕ್ಸಿ 2,800, ವಾರಕ್ಕೆ 8,400. ಆರೋಗ್ಯ ಭಾಗ್ಯ ಕಾರ್ಡ್ ಇದ್ದರೂ ಓಡಾಟದ ಖರ್ಚು ನಮ್ಮದೇ ಅಲ್ವಾ. ಆರು ವಾರ ಅವಳು ಒಬ್ಬಳೇ ಹೋಗಿ ಬಂದಳು. ಏಳನೇ ವಾರ ವಾಪಸ್ ಬರುವಾಗ ಬಿಪಿ ಇಳಿದು ಕಾರಿನಲ್ಲೇ ಪ್ರಜ್ಞೆ ತಪ್ಪಿದಳು. ಡ್ರೈವರ್ ಫೋನ್ ಮಾಡಿದಾಗ ನಾನು ಟವರ್ ಡಂಪ್ (ಮೊಬೈಲ್ ಟವರ್‌ನ ಕರೆಗಳ ಪಟ್ಟಿ) ನೋಡುತ್ತಾ ಕೂತಿದ್ದೆ. ಮಾರನೇ ದಿನವೇ ಅರ್ಜಿ ಕೊಟ್ಟೆ.

ಫೈಲ್ ಜೋಡಿಸಿ ಕೊಟ್ಟೆ. ಕೇಸ್ ಡೈರಿ ಪೂರ್ತಿ ಬರೆದಿದ್ದೆ. ಹೊಸ ಐಒಗೆ ಎರಡು ದಿನ ಕೂತು ಹೇಳಿದೆ. ಆದರೂ ಕತ್ತಿ ಸೀಜ್ ಮಾಡಿದ ತಾರೀಖು ಮಹಜರಿನಲ್ಲಿ ಒಂದು, ಲ್ಯಾಬ್‌ಗೆ ಕಳಿಸಿದ ಪತ್ರದಲ್ಲಿ ಇನ್ನೊಂದು ಆಯಿತು. ಆರು ವರ್ಷ ಆದ ಮೇಲೆ ಕಟಕಟೆಯಲ್ಲಿ ನಿಂತಾಗ ಆರೋಪಿ ಪರ ವಕೀಲರು ಅದನ್ನೇ ಹಿಡಿದು ಒಂದೂವರೆ ಗಂಟೆ ಕೇಳಿದರು. ಮೂವರಲ್ಲಿ ಇಬ್ಬರು ಬಿಡುಗಡೆ. ಸತ್ತ ಹುಡುಗನ ಅಮ್ಮ ಹೊರಗೆ ನಿಂತಿದ್ದರು. ಏನೂ ಬೈಯಲಿಲ್ಲ, ಊಟ ಆಯ್ತಾ ಸಾರ್ ಅಂತ ಕೇಳಿದರು. ಅದು ನನ್ನ ಎದೆಯಲ್ಲಿ ಹಾಗೇ ಇದೆ. ಹೆಂಡತಿ ಬದುಕಿದ್ದಾಳೆ, ಅವಳ ಅಕ್ಕ ಕಿಡ್ನಿ ಕೊಟ್ಟರು.

ಹಳೇ ಸಿಪಿಐ:
ತಾರೀಖಿನ ತಪ್ಪು ಹೊಸಬರ ಮೇಲೆ ಹಾಕಬೇಡಿ. ಪ್ರಾಪರ್ಟಿಯನ್ನು ಲ್ಯಾಬ್‌ಗೆ ಕಳಿಸಿಯೇ ಚಾರ್ಜ್ ಕೊಡಬೇಕಿತ್ತು. ಆ ಇಬ್ಬರು ಹೊರಗೆ ಬಂದದ್ದಕ್ಕೆ ನೀವೇ ಕಾರಣ.

ಟ್ರೈನಿಂಗ್‌ಗೆ ಹೋದವನು:
ನಿಮ್ಮ ಹೆಂಡತಿ ಕಾರಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ನೀವು ಮೊದಲು ಪ್ಯಾಕೆಟ್ ಸೀಲ್ ಮಾಡುತ್ತಿದ್ದಿರಾ? ಮಾಡುತ್ತಿದ್ದಿರಿ ಅನ್ನಿಸುತ್ತದೆ. ಇನ್ನು ಮಾತು ಬೇಡ.

ಬೆಲ್ಟ್ ನಂಬರ್:
ಎಲ್ಲ ಸಾಹೇಬರೂ ಬರೆಯುತ್ತಿದ್ದೀರಿ, ಹೆಚ್‌ಸಿ ಪಿಸಿಗಳಿಗೆ ಸಂಸಾರ ಇಲ್ವಾ? 2019ರ ಜನವರಿ. ಅರಳಗೋಡು ಕಡೆ ಮಂಗನ ಕಾಯಿಲೆಗೆ ಜನ ಸಾಯುತ್ತಿದ್ದ ಸಮಯ. ಸಾಗರ ತಾಲ್ಲೂಕಿನ ಒಂದು ಕಾಡಿನ ಅಂಚಿನಲ್ಲಿ ಬಾಡಿ ಸಿಕ್ಕಿತು. ಕತ್ತಲಾಯಿತು, ಮಹಜರು ಬೆಳಿಗ್ಗೆ ಅಂದರು. ಕಾಯಲು ನಾನು ಮತ್ತು ಒಬ್ಬ ಹೋಂಗಾರ್ಡ್. ಉಣುಗು ಕಚ್ಚದಿರಲಿ ಅಂತ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಕೂತೆವು, ಬಾಟಲಿ ನಮ್ಮದೇ, ಆರೋಗ್ಯ ಕೇಂದ್ರದಲ್ಲಿ ಕೇಳಿ ತಂದದ್ದು. ಬೆಳಿಗ್ಗೆ ನೋಡಿದರೆ ಸೊಂಟದ ಪಟ್ಟಿ ಸುತ್ತ ಉಣುಗು, ಆ ಕಾಯಿಲೆ ಹರಡುವುದೇ ಅದರಿಂದ.

ಒಂದು ವಾರಕ್ಕೆ ಜ್ವರ ಬಂತು. ಹೆಂಡತಿಗೆ ಆಗ ಎಂಟು ತಿಂಗಳು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಅಂತ ಡಾಕ್ಟರ್ ಹೇಳಿದರೂ ಅತ್ತೆ ಕೇಳಲಿಲ್ಲ, ಅವಳನ್ನು ಸೊರಬಕ್ಕೆ ಕರೆದುಕೊಂಡು ಹೋದರು. ರಕ್ತದ ರಿಪೋರ್ಟ್ ಬಂತು, ಮಂಗನ ಕಾಯಿಲೆ ಅಲ್ಲ. ಅಷ್ಟರಲ್ಲಿ ಮಗು ಹುಟ್ಟಿ ನಾಲ್ಕು ದಿನ ಆಗಿತ್ತು. ಬಾಡಿ ರಸ್ತೆಗೆ ತರಲು ಕರೆದ ಟ್ರ್ಯಾಕ್ಟರ್‌ಗೆ 1,500 ಕೊಟ್ಟದ್ದೂ ನಾನೇ. ಸಾಹೇಬರು ಆಮೇಲೆ ಕೊಡ್ತೀನಿ ಅಂದರು, ಟ್ರಾನ್ಸ್‌ಫರ್ ಆಗಿ ಹೋದರು. ಪ್ರಶ್ನೆ ಕೇಳಿದ ಸಾರ್, ನೀವು ಹೋಗಿ ಇಲ್ಲಾ ಇರಿ, ನಿಮ್ಮ ಹುಡುಗರಿಗೆ ಕೊಡುವುದು ಏನಾದರೂ ಇದ್ದರೆ ಕೊಟ್ಟು ಹೋಗಿ.

ಲೇಡಿ ಪಿಎಸ್ಐ:
ಸಿಪಿಐ ಸರ್ ಮೇಲೆ ಬರೆದದ್ದು ತಪ್ಪು, ಯಾರಾದರೂ ನಂಬಿಬಿಟ್ಟಾರು. ರಿಮ್ಯಾಂಡ್ ದಿನವನ್ನು ಬಿಡಬಾರದು, ಸೇರಿಸಿಯೇ ಎಣಿಸಬೇಕು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಹೇಳಿದೆ. ನೀವು 90 ಅಂದುಕೊಂಡ ದಿನ ಕೋರ್ಟ್ ಲೆಕ್ಕದಲ್ಲಿ 91, ಅವರ ವಕೀಲರು ಬೇಲ್ ಅರ್ಜಿ ಹಿಡಿದು ಬೆಳಿಗ್ಗೆಯೇ ನಿಂತಿರುತ್ತಾರೆ. ಮೂರನೆಯವನಿಗೆ ಅವನ ರಿಮ್ಯಾಂಡ್‌ನಿಂದಲೇ ಬೇರೆ ಲೆಕ್ಕ. ಲ್ಯಾಬ್ ರಿಪೋರ್ಟ್‌ಗೂ ಕಾಯಬೇಕಿಲ್ಲ, ಬಂದ ಮೇಲೆ ಹೆಚ್ಚುವರಿ ಚಾರ್ಜ್‌ಶೀಟ್ ಹಾಕಬಹುದು.

ನನ್ನದೂ ಹೇಳುತ್ತೇನೆ. 2024ರ ಜುಲೈ 1ಕ್ಕೆ ಹೊಸ ಕಾಯ್ದೆ ಬಂತು, ಈಗ ಜಪ್ತಿ ಮಾಡುವುದೆಲ್ಲ ವಿಡಿಯೊ ಆಗಬೇಕು. ಒಂದು ಕೊಲೆ ಕೇಸಿನಲ್ಲಿ ಐಒ ನಮ್ಮ ಪಿಐ, ವಿಡಿಯೊ ನನ್ನ ಕೈಗೆ ಬಂತು, ಫೋನ್ ನನ್ನದೇ. ಹೊಸನಗರ ಕಡೆಯ ಮಳೆ, ಒಬ್ಬರು ಕೊಡೆ ಹಿಡಿದಿದ್ದಾರೆ, ಆರೋಪಿ ಬಾವಿ ತೋರಿಸುತ್ತಿದ್ದಾನೆ, ಅಷ್ಟರಲ್ಲಿ ಜಾಗ ಇಲ್ಲ ಅಂತ ಫೋನ್ ತೋರಿಸಿತು. ನಿಂತ ಕಾಲಿನಲ್ಲೇ ಗ್ಯಾಲರಿ ತೆಗೆದು ದೊಡ್ಡ ಫೈಲ್‌ಗಳನ್ನು ಅಳಿಸಿದೆ. ನೋಡಿ ಅಳಿಸಲು ಟೈಮ್ ಇರಲಿಲ್ಲ. ಅದರಲ್ಲಿ ಮಗ ಮೊದಲ ಸಲ ನಡೆದ ವಿಡಿಯೊ ಇತ್ತು. ಮಗ ನಡೆದಾಗಲೂ ನಾನು ಗಣಪತಿ ಬಂದೋಬಸ್ತ್‌ನಲ್ಲಿದ್ದೆ, ಅತ್ತೆ ತೆಗೆದು ಕಳಿಸಿದ್ದರು. ಅವರ ಫೋನ್ ಆಮೇಲೆ ಕೆಟ್ಟು ಹೋಗಿತ್ತು. ಈಗ 256 ಜಿಬಿ ಫೋನ್ ತೆಗೆದುಕೊಂಡಿದ್ದೇನೆ, ತಿಂಗಳಿಗೆ 2,400, ಇನ್ನೂ ಏಳು ಕಂತು ಇದೆ. ಗಂಡ ಇವತ್ತಿಗೂ ಆ ಮಾತು ಎತ್ತುತ್ತಾರೆ. ಮಹಜರು ಮಾತ್ರ ಒಂದು ಸೆಕೆಂಡ್ ತಪ್ಪದೆ ಇದೆ.

ಹಳೇ ಸಿಪಿಐ:
30 ವರ್ಷ ನಾವು ಆ ದಿನ ಬಿಟ್ಟೇ ಎಣಿಸಿದ್ದೇವೆ. ಒಂದು ಕೇಸಿನಲ್ಲೂ ಬೇಲ್ ಆಗಿಲ್ಲ.

ಲೇಡಿ ಪಿಎಸ್ಐ:
ನೀವು 88ಕ್ಕೆ ಹಾಕಿದ್ದಿರಿ ಸರ್, ಅದಕ್ಕೇ ಆಗಿಲ್ಲ. ತೀರ್ಪು ಓದಿ.

ಹೊಳೆಯಾಚೆ:
ನಾನು ತುಮರಿಯವನು. ಸಿಪಿಐ ಸಾಹೇಬರೇ, ಕೊನೆಯ ಲಾಂಚ್ ಹೋಗಿತ್ತು ಅಂತ ಬರೆದಿರಿ. ನಿಟ್ಟೂರು ಮೇಲೆ ಸುತ್ತಿ ಬರಬಹುದಿತ್ತಲ್ಲ, ಜೀಪ್ ಇತ್ತಲ್ಲ? ತಡವಾಗಿಯಾದರೂ ಮಗಳ ಮುಖ ನೋಡಬಹುದಿತ್ತು. ನಮಗೆ ಜೀಪ್ ಇರಲಿಲ್ಲ. ನಮ್ಮ ಅಜ್ಜನಿಗೆ ಎದೆನೋವು ಬಂದ ರಾತ್ರಿ ಅದೇ ದಡದಲ್ಲಿ ಬೆಳಗಿನ ಲಾಂಚ್‌ಗೆ ಕಾದು ಕೂತಿದ್ದೆವು, ಅಜ್ಜ ಕಾಯಲಿಲ್ಲ. 2025ರ ಜುಲೈನಲ್ಲಿ ಸೇತುವೆ ಆದಾಗ ಅಜ್ಜಿ ನಡೆದೇ ದಾಟಿದರು.

ಹಳೇ ಸಿಪಿಐ:
ನಿಮ್ಮ ಅಜ್ಜನ ವಿಷಯ ಕೇಳಿ ಬೇಜಾರಾಯಿತು. ಆದರೆ ಆ ಕಾಲದ ನಿಟ್ಟೂರು ರಸ್ತೆಯಲ್ಲಿ, ಮಳೆಯಲ್ಲಿ, ಕೈಕೋಳದ ಆರೋಪಿಯನ್ನು ಕೂರಿಸಿಕೊಂಡು, ಒಂದೇ ಹೆಡ್‌ಲೈಟ್ ಇರುವ ಜೀಪಿನಲ್ಲಿ? ಅವನು ಇಳಿದು ಓಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಯೋಚನೆ ಮಾಡಲಿಲ್ಲ ಅಂದುಕೊಂಡಿರಾ? ರಾತ್ರಿ ಒಂದು ಗಂಟೆವರೆಗೂ ಅದನ್ನೇ ಯೋಚಿಸಿದ್ದೇನೆ.

ದುರ್ಗಿಗುಡಿಯವಳು:
ಇದನ್ನು ಮೊದಲೇ ಬರೆಯಬೇಕಿತ್ತು.

ಅಡಿಕೆಸೀಮೆ ಪಿಐ:
ಎಲ್ಲರದ್ದೂ ಓದಿದೆ. ನಾನೂ ರಿಮ್ಯಾಂಡ್ ದಿನ ಬಿಟ್ಟೇ ಎಣಿಸಿದ್ದೆ. ಹಾಗಾದರೆ ನಾನು ಮೊದಲು ಬರೆದ ದಿನವೇ 42. ಕ್ಯಾಲೆಂಡರ್ ನೋಡಿದೆ, 90 ಈಗ ಮಗನ ಗಣಿತ ಪರೀಕ್ಷೆಯ ದಿನಕ್ಕೆ ಬರುತ್ತದೆ. ಅವತ್ತು ನಾನು ಅವನ ಶಾಲೆ ಗೇಟಿನ ಹತ್ತಿರ ಇರುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅಮ್ಮನನ್ನು ನಿನ್ನೆ ರಾತ್ರಿ ಕ್ವಾರ್ಟರ್ಸ್‌ಗೆ ಕರೆದುಕೊಂಡು ಬಂದೆ. ಗ್ಯಾಸ್ ಸಿಲಿಂಡರ್ ಹೊರಗೆ ಇಟ್ಟಿದ್ದೇನೆ.

ಬೆಲ್ಟ್ ನಂಬರ್:
ಸಾರ್, 85ಕ್ಕೆ ಮುಗಿಸಿ. ರೈಟರ್‌ಗೆ ಇವತ್ತೇ ಹೇಳಿ, ಕಾಪಿ ಹೊಡೆದು ಪುಟದ ನಂಬರ್ ಹಾಕುವುದಕ್ಕೇ ಮೂರು ದಿನ ಬೇಕು. ಅಮ್ಮನ ಹತ್ತಿರ ಹಗಲು ಯಾರು ಇರುತ್ತಾರೆ?