ಮಂಗಳೂರಿನ ಸುಲ್ತಾನ್ ಬತ್ತೇರಿ: ಅಪ್ಪಾಜಿಯನ್ನು ಕರೆದುಕೊಂಡು ಹೋಗಬಹುದಾ?

ಬಿಸಿಲೂರಿನವ, ಕಲಬುರಗಿ:

ನಮಸ್ಕಾರ್ರೀ ಎಲ್ಲರಿಗೂ. ಮಗಳನ್ನು ಮಂಗಳೂರಿನಲ್ಲಿ ಪಿಯುಸಿಗೆ ಸೇರಿಸಿದ್ದೇವೆ. ದೀಪಾವಳಿ ಮುಗಿಸಿ ಅವಳನ್ನು ಹಾಸ್ಟೆಲ್‌ಗೆ ಬಿಡಲು ಹೋಗುವಾಗ ಈ ಸಲ ಅಪ್ಪಾಜಿಯೂ ಬರುತ್ತಾರಂತೆ. ಅವರಿಗೆ ಬೀಚ್ ಬೇಡ, ಮಾಲ್ ಬೇಡ. ಕೋಟೆ, ಬುರುಜು, ತೋಪು ಅಂದರೆ ಮಾತ್ರ ಊಟ ಬಿಟ್ಟು ಎದ್ದು ಹೊರಡುತ್ತಾರೆ. ನಮ್ಮ ಕೋಟೆಯಲ್ಲಿ ಹೊಸಬರು ಯಾರಾದರೂ ಕಂಡರೆ ಸಾಕು, ಬಾರಾ ಗಜಿ ತೋಪು 29 ಅಡಿ ಉದ್ದ ಅಂತ ತಾವೇ ಹೋಗಿ ಹೇಳಿ ಬರುತ್ತಾರೆ.

ಟಿಪ್ಪು ಸುಲ್ತಾನ್ ಸಮುದ್ರದ ಕಡೆಯಿಂದ ಬರುವ ಹಡಗು ಕಾಯಲು ಕಟ್ಟಿಸಿದ ಬುರುಜು ಮಂಗಳೂರಿನಲ್ಲಿದೆ ಅಂತ ಅವರಿಗೆ ಯಾರೋ ಹೇಳಿದ್ದಾರೆ. ಫೋಟೋ ನೋಡಿದೆ. ನಮ್ಮ ಕೋಟೆಯ ಒಂದು ಮೂಲೆಯಷ್ಟೂ ಇಲ್ಲ! ರಾತ್ರಿಯೆಲ್ಲ ಬಸ್ಸಿನಲ್ಲಿ ಹೋಗಿ, ಅಪ್ಪಾಜಿ "ಇದಕ್ಕೇನಾ ಕರಕೊಂಡು ಬಂದಿ?" ಅಂದುಬಿಟ್ಟರೆ ಮುಗಿಯಿತು, ವಾಪಸ್ ಬರುವ ತನಕ ಅದೇ ಮಾತು. ಮೇಲೆ ಹತ್ತಿದರೆ ಸಮುದ್ರ ಕಾಣುತ್ತಾ? ಮೊಣಕಾಲು ನೋವಿನವರು ಹತ್ತಬಹುದಾ?

ಜೇವರ್ಗಿ ಎಕ್ಸ್‌ಪ್ರೆಸ್:

ಸುಮ್ನೆ ಟೈಮ್ ವೇಸ್ಟ್ ಅಣ್ಣ. ಹತ್ತೇ ನಿಮಿಷದಲ್ಲಿ ನೋಡಿ ಮುಗಿಯುತ್ತೆ. ಪಣಂಬೂರು ಬೀಚಿಗೆ ಹೋಗಿ, ಮೀನೂಟ ಮಾಡಿ, ಬಸ್ ಹತ್ತಿ.

ಸೇಡಂ ಟು ಕುಡ್ಲ:

ಹತ್ತು ನಿಮಿಷ ಅನ್ನುವುದು ಸುಳ್ಳಲ್ಲ. ಆದರೆ ಬೀಚ್ ಬೇಡ ಅಂತ ಅವರು ಮೊದಲೇ ಹೇಳಿದ್ದಾರಲ್ಲ ತಮ್ಮ, ಓದಬಾರದಾ?

ಅಣ್ಣಾವ್ರೇ, ನಾನು ಸೇಡಂನವನು, ಇಲ್ಲಿ ಕೆಲಸಕ್ಕಿದ್ದೇನೆ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ಸಮುದ್ರದ ವಿಷಯ. ಬತ್ತೇರಿ ಇರುವುದು ಸಮುದ್ರದ ದಂಡೆಯಲ್ಲಿ ಅಲ್ಲ, ಬೋಳೂರಿನಲ್ಲಿ ಗುರುಪುರ ನದಿಯ ದಂಡೆಯಲ್ಲಿ. ಎದುರು ದಂಡೆ ತಣ್ಣೀರುಬಾವಿ. ಸಮುದ್ರ ಅದರ ಆಚೆಗಿದೆ. ಅಲೆ ಬಂದು ಗೋಡೆಗೆ ಬಡಿಯುತ್ತದೆ ಅಂತ ಎಣಿಸಿ ಹೋದರೆ ಬೇಜಾರಾಗುತ್ತದೆ. ಅಪ್ಪಾಜಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಾಗಾದರೆ ಹಡಗು ಕಾಯಲು ನದಿ ದಂಡೆ ಯಾಕೆ? ಮಜಾ ಇರುವುದೇ ಇಲ್ಲಿ. ಈಗ ದೊಡ್ಡ ಹಡಗುಗಳೆಲ್ಲ 1974ರಲ್ಲಿ ಶುರುವಾದ ಪಣಂಬೂರಿನ ಹೊಸ ಬಂದರಿಗೆ ಹೋಗುತ್ತವೆ. ಆಗ ಬಂದರು ಇದ್ದದ್ದು ನದಿಯೊಳಗೆ. ಗುರುಪುರ ನದಿಯೂ ನೇತ್ರಾವತಿಯೂ ಒಂದೇ ಕಡೆ ಸಮುದ್ರ ಸೇರುತ್ತವೆ, ಅದಕ್ಕೆ ಅಳಿವೆ ಬಾಗಿಲು ಅನ್ನುತ್ತಾರೆ. ಅಲ್ಲಿಂದ ಒಳಗೆ ನುಗ್ಗಿ ಮೇಲಕ್ಕೆ ಬರುವ ಹಡಗು ಈ ಬುರುಜಿನ ಮುಂದೆಯೇ ಹೋಗಬೇಕು. 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದಿದ್ದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತ. ಕೋಟೆ ಕೈಗೆ ಬಂದದ್ದು 1784ರ ಜನವರಿಯಲ್ಲಿ. ಮಾರ್ಚ್ 11ಕ್ಕೆ ಇದೇ ಊರಲ್ಲಿ ಒಪ್ಪಂದ ಆಯಿತು. ಬತ್ತೇರಿ ಕಟ್ಟಿಸಿದ್ದೂ ಅದೇ 1784ರಲ್ಲಿ. ಅಷ್ಟು ಕಷ್ಟಪಟ್ಟು ಪಡೆದವನು ಬಾಗಿಲಿಗೆ ಚಿಲಕ ಹಾಕದೆ ಬಿಡುತ್ತಾನಾ?

ಅದಕ್ಕೇ ಅದು ದೊಡ್ಡದಾಗಿಲ್ಲ. ನಮ್ಮ ಕಡೆಯದು ಬಯಲು. ಶತ್ರು ದೂರದಲ್ಲಿರುವಾಗಲೇ ಕಾಣಬೇಕು, ಹಾಗಾಗಿ ಎತ್ತರ ಬೇಕು. ಇಲ್ಲಿ ಹಡಗು ತಾನಾಗಿ ಎದುರಿಗೆ ಬರುತ್ತದೆ, ಗಿಡ್ಡ ಬುರುಜು ಸಾಕು.

ಕಪ್ಪು ಕಲ್ಲಿನ ಕಟ್ಟಡ, ಸುತ್ತ ಗೋಡೆಯಲ್ಲಿ ತೋಪಿಗೆ ಅಂತ ಬಿಟ್ಟ ಕಿಂಡಿಗಳು, ಕೆಳಗೆ ಮದ್ದು ಇಡುವ ಕೋಣೆ. ಅಪ್ಪಾಜಿಯನ್ನು ನದಿ ಕಡೆಯ ಕಿಂಡಿಯ ಹಿಂದೆ ನಿಲ್ಲಿಸಿ, ಹೊರಗೆ ಮೀನಿನ ಬೋಟು ಹೋಗುವುದನ್ನು ನೋಡಲು ಹೇಳಿ. ತೋಪು ಗೊತ್ತಿರುವವರಿಗೆ ಮಿಕ್ಕಿದ್ದನ್ನು ಯಾರೂ ಹೇಳಬೇಕಿಲ್ಲ. ಬಾರಾ ಗಜಿಯಂಥದ್ದನ್ನು ಮಾತ್ರ ಹುಡುಕಬೇಡಿ.

ಮೆಟ್ಟಿಲು ಜಾಸ್ತಿ ಇಲ್ಲ, ಮೊಣಕಾಲು ತಡೆಯುತ್ತದೆ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ನೀವು ದೀಪಾವಳಿ ಮೇಲೆ ಬರುವುದರಿಂದ ಚಿಂತೆ ಇಲ್ಲ. ಪಕ್ಕದಲ್ಲೇ ತಣ್ಣೀರುಬಾವಿಗೆ ದೋಣಿ ಇದೆ, ಅದನ್ನು ಬಿಡಬೇಡಿ. ನದಿಯ ನಡುವಿನಿಂದ ತಿರುಗಿ ಬತ್ತೇರಿಯನ್ನು ನೋಡಿದರೆ, ಒಳಗೆ ಬರುವ ಹಡಗಿನವರಿಗೆ ಅದು ಹೇಗೆ ಕಂಡಿರಬೇಕು ಅಂತ ಗೊತ್ತಾಗುತ್ತದೆ. ದೋಣಿ ಹತ್ತುವಾಗ ಇಳಿಯುವಾಗ ಅಪ್ಪಾಜಿಯ ಕೈ ಹಿಡಿದುಕೊಳ್ಳಿ. ಬೆವರು ಒರೆಸಲು ಟವೆಲ್ ಇರಲಿ, ಇಲ್ಲಿನ ಸೆಕೆ ನಮ್ಮ ಬಿಸಿಲಿನಂಥದ್ದಲ್ಲ.

ಬೀದರ್ ಮಂದಿ:

ಎತ್ತರದ ಮಾತು ಬಂತಲ್ಲ, ನಮ್ಮ ಚೌಬಾರಾ ಬಿಟ್ಟರೆ ಹೇಗೆ? ಊರ ನಡುವೆ 71 ಅಡಿಯ ದುಂಡನೆಯ ಕಾವಲು ಗೋಪುರ. ಒಳಗೆ 80 ಮೆಟ್ಟಿಲು, ಮೇಲೆ ಗಡಿಯಾರ. ತುದಿಯಿಂದ ಸುತ್ತಲ ಬಯಲೆಲ್ಲ ಕಾಣುತ್ತದೆ. ಬಯಲಿಗೆ ಎತ್ತರ ಬೇಕು ಎಂದು ಸೇಡಂನವರು ಹೇಳಿದ್ದು ಅದನ್ನು ನೋಡಿದರೆ ಸರಿ ಅನಿಸುತ್ತದೆ. ನಾವು ದಿನಾ ಅದರ ಬುಡದಲ್ಲೇ ಹಾರ್ನ್ ಹೊಡೆಯುತ್ತಾ ಹೋಗುತ್ತೇವೆ, ಟೈಮ್ ನೋಡಲೂ ತಲೆ ಎತ್ತುವುದಿಲ್ಲ. ಅಪ್ಪಾಜಿಯವರು ಒಮ್ಮೆ ಈ ಕಡೆಯೂ ಬರಲಿ, ಚಹಾ ನಮ್ಮದು.

ಬಿಸಿಲೂರಿನವ, ಕಲಬುರಗಿ:

ಎಲ್ಲರಿಗೂ ಶರಣು. ಸೇಡಂ ಅಣ್ಣಾವ್ರು ಬರೆದಿದ್ದನ್ನು ಅಪ್ಪಾಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ತಕರಾರು ತೆಗೆದರು. "ಚಿಲಕ ಹಾಕಿ ಏನಾಯಿತು? 1799ರಲ್ಲಿ ಬೊಂಬಾಯಿ ಸೈನ್ಯ ಕಣ್ಣೂರಿನಿಂದ ಕೊಡಗು ಹತ್ತಿ ಬಂತಲ್ಲ. ಈ ಕಡೆಯಿಂದ ನಮ್ಮ ನಿಜಾಮನ ಸೈನ್ಯವೂ ಇಂಗ್ಲಿಷರ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿತ್ತು. ನಾವು ಕಲಬುರಗಿಯವರು ಯಾವ ಮುಖ ಇಟ್ಟುಕೊಂಡು ಆ ಬುರುಜು ಹತ್ತೋದು?" ಇಷ್ಟೆಲ್ಲ ಹೇಳಿ, ಟಿಕೆಟ್ ಯಾವಾಗ ಮಾಡಿಸ್ತಿ ಅಂತ ಅವರೇ ಕೇಳಿದರು!

ಸೇಡಂ ಟು ಕುಡ್ಲ:

ನಿಮ್ಮ ಅಪ್ಪಾಜಿಯವರನ್ನು ನಾನು ನೋಡಲೇಬೇಕು. ಬರುವ ಮೊದಲು ಇಲ್ಲಿ ಒಂದು ಮೆಸೇಜ್ ಹಾಕಿ. ಇನ್ನೊಂದು ಮಾತು, ಮ್ಯಾಪಿನಲ್ಲಿ ಬರೀ ಸುಲ್ತಾನ್ ಬತ್ತೇರಿ ಅಂತ ಹಾಕಬೇಡಿ, ಕೇರಳದ ವಯನಾಡಿನಲ್ಲೂ ಅದೇ ಹೆಸರಿನ ಊರಿದೆ. ಬೋಳೂರು ಅಂತ ಸೇರಿಸಿ. ಆಟೋದವರಿಗಾದರೆ ಬತ್ತೇರಿ ಅಂದರೆ ಸಾಕು.