ಬ್ಯಾಡ್ಮಿಂಟನ್ ಮಕ್ಕಳಿಗೆ ಡಿಜಿಟಲ್ ಗೇಮ್ ಬಳಸಿ ಕಲಿಸಬಹುದಾ? ಕೋಚ್‌ಗಳು, ಪೋಷಕರು ದಯವಿಟ್ಟು ಹೇಳಿ

ವಿಜಯನಗರ ಶಟಲ್ ಕೋಚ್

ಎಲ್ಲರಿಗೂ ನಮಸ್ಕಾರ. ವಿಜಯನಗರದ ಹತ್ತಿರ ಬಾಡಿಗೆ ಕೋರ್ಟಿನಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್ ಹೇಳಿಕೊಡುತ್ತೇನೆ. 10ರಿಂದ 14 ವರ್ಷದವರು, ಸಂಜೆ ಬ್ಯಾಚ್. ಕೋರ್ಟ್ ಸಿಗುವುದು ಗಂಟೆ ಲೆಕ್ಕದಲ್ಲಿ. ನಮ್ಮ ಸಮಯ ಮುಗಿಯುವ ಮೊದಲೇ ಮುಂದಿನ ಬುಕಿಂಗ್‌ನವರು ಕಿಟ್ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಹಾಗಾಗಿ ಒಂದೊಂದು ನಿಮಿಷವೂ ಮುಖ್ಯ.

ಮಕ್ಕಳ ಹೊಡೆತ ಚೆನ್ನಾಗಿದೆ. ಕಾಲೂ ಚುರುಕಾಗಿದೆ. ಕಷ್ಟ ಇರುವುದು ಬೇರೆ ಕಡೆ. ಎದುರಿನವರು ಡ್ರಾಪ್ ಹಾಕುತ್ತಾರಾ (ನೆಟ್ ಹತ್ತಿರವೇ ಮೆಲ್ಲಗೆ ಬೀಳಿಸುವುದು), ಕ್ಲಿಯರ್ ಹೊಡೆಯುತ್ತಾರಾ (ಎತ್ತರಕ್ಕೆ, ಕೋರ್ಟಿನ ಹಿಂದಿನ ತುದಿಗೆ ಕಳಿಸುವುದು) ಅಂತ ಇವರಿಗೆ ಮೊದಲೇ ಗೊತ್ತಾಗುವುದಿಲ್ಲ. ಶಟಲ್ ನೆಟ್ ದಾಟಿದ ಮೇಲೆ ಹೊರಡುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. "ನೋಡಿ ಆಡು, ನೋಡಿ ಆಡು" ಅಂತ ಎಷ್ಟು ಕೂಗಿದರೂ ಪ್ರಯೋಜನ ಇಲ್ಲ. ಏನನ್ನು ನೋಡಬೇಕು ಅಂತ ಮಗುವಿಗೆ ಗೊತ್ತಾಗಬೇಕಲ್ವಾ?

ಇದೇ ಮಕ್ಕಳು ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತರೆ ಕಥೆಯೇ ಬೇರೆ. ಮೂಲೆಯಲ್ಲಿ ಬರುವ ಶತ್ರುವನ್ನೂ ನೋಡುತ್ತಾರೆ, ಉಳಿದ ಸಮಯವನ್ನೂ ನೋಡುತ್ತಾರೆ, ಸೋತರೆ ಬೇಜಾರಿಲ್ಲದೆ ಮತ್ತೆ ಶುರು ಮಾಡುತ್ತಾರೆ. ಕೋರ್ಟಿನಲ್ಲಿ ಎರಡು ಸಲ ತಪ್ಪಿದರೆ ಮುಖ ಸಣ್ಣದಾಗುತ್ತದೆ. ಆ ಹಠವನ್ನು ಇಲ್ಲಿಗೆ ತರಲು ದಾರಿ ಇದೆಯಾ ಅಂತ ದಿನಾ ಯೋಚಿಸುತ್ತೇನೆ.

ಒಬ್ಬ ತಂದೆ ಬ್ಯಾಚಿಗೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಗೇಮ್ ಒಳಗೇ ಇದ್ದ ಹಾಗೆ ಆಡುವ ಸಾಧನ) ಕೊಡಿಸುತ್ತೇನೆ ಅಂದಿದ್ದಾರೆ. ಇನ್ನೊಬ್ಬ ತಾಯಿ, "ಮೊಬೈಲ್ ಬಿಡಲಿ ಅಂತಾನೇ ನಿಮ್ಮ ಹತ್ತಿರ ಕಳಿಸೋದು ಮೇಡಂ, ನೀವೂ ಅದನ್ನೇ ಕೊಟ್ಟರೆ ಹೇಗೆ?" ಅಂದರು. ಇಬ್ಬರ ಮಾತೂ ನನಗೆ ಸರಿ ಅನಿಸುತ್ತದೆ. ಸ್ಕ್ರೀನಿನಲ್ಲಿ ಕಲಿತದ್ದು ಕೋರ್ಟಿಗೆ ಬರುತ್ತದಾ? ಬರುವುದಾದರೆ ಯಾವ ಥರದ ಗೇಮ್? ಯಾರಾದರೂ ಮಾಡಿ ನೋಡಿದ್ದರೆ ವಿವರವಾಗಿ ಬರೆಯಿರಿ.

ಜಯನಗರ ನೆಟ್ಸ್

ಮೇಡಂ, ನಾನು ಕ್ರಿಕೆಟ್ ಕೋಚ್. ಆದರೆ ನಿಮ್ಮ ಸಮಸ್ಯೆ ನಮ್ಮದೂ ಹೌದು. ಬೌಲರ್ 140 ಕಿಲೋಮೀಟರ್ ವೇಗದಲ್ಲಿ ಹಾಕಿದರೆ ಬ್ಯಾಟ್ಸ್‌ಮನ್‌ಗೆ ಸಿಗುವುದು ಸುಮಾರು ಅರ್ಧ ಸೆಕೆಂಡ್. ಕಣ್ಣಿಗೆ ಏನೋ ಕಂಡು ಕೈ ಅಲ್ಲಾಡುವುದಕ್ಕೇ ಹತ್ತಿರ ಹತ್ತಿರ 0.2 ಸೆಕೆಂಡ್ ಹೋಗುತ್ತದೆ. ಉಳಿದದ್ದರಲ್ಲಿ ಕಾಲು ಇಡಬೇಕು, ಬ್ಯಾಟ್ ಬೀಸಬೇಕು. ಚೆಂಡು ಕೈಬಿಟ್ಟ ಮೇಲೆ ನೋಡಲು ಶುರು ಮಾಡಿದರೆ ಆಗುವ ಕೆಲಸವೇ ಅಲ್ಲ.

ದೊಡ್ಡ ಆಟಗಾರರ ಕಣ್ಣು ನಮಗಿಂತ ವೇಗ ಅಂತ ತುಂಬ ಜನ ನಂಬಿದ್ದಾರೆ. ಹಾಗಲ್ಲ. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವ ಪರೀಕ್ಷೆ ಕೊಟ್ಟರೆ ಅವರಿಗೂ ನಮಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಅವರು ಬೇಗ ಓದುತ್ತಾರೆ, ಅಷ್ಟೇ. ನಿಮ್ಮ ಆಟದಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. 1987ರಲ್ಲಿ ಅಬರ್ನೆತಿ ಮತ್ತು ರಸೆಲ್ ಎಂಬ ಸಂಶೋಧಕರು ಬ್ಯಾಡ್ಮಿಂಟನ್ ಹೊಡೆತಗಳ ಫಿಲ್ಮನ್ನು ಬೇರೆ ಬೇರೆ ಕ್ಷಣದಲ್ಲಿ ನಿಲ್ಲಿಸಿ, ಶಟಲ್ ಎಲ್ಲಿ ಬೀಳುತ್ತದೆ ಅಂತ ಕೇಳಿದರು. ಹೊಸಬರು ರಾಕೆಟ್ ಒಂದನ್ನೇ ನೋಡಿ ಹೇಳುತ್ತಿದ್ದರು. ನುರಿತವರು ರಾಕೆಟ್ ಹಿಡಿದ ತೋಳನ್ನೂ ನೋಡುತ್ತಿದ್ದರು. ತೋಳಿನ ಸುಳಿವು ರಾಕೆಟ್‌ಗಿಂತ ಮುಂಚೆ ಸಿಗುತ್ತದೆ. ನಿಮ್ಮ ಮಕ್ಕಳಿಗೆ ಬೇಕಾಗಿರುವುದು ಇದೇ.

ಹಾಗಾಗಿ ಬಣ್ಣದ ಚುಕ್ಕೆ ಬಂದಾಗ ತಟ್ಟುವ "ರಿಯಾಕ್ಷನ್" ಆ್ಯಪ್‌ಗಳಿಗೆ ಸಮಯ ಕೊಡಬೇಡಿ. ಮಗು ಚುಕ್ಕೆ ತಟ್ಟುವುದರಲ್ಲಿ ಜಾಣ ಆಗುತ್ತದೆ, ಅಷ್ಟೇ. ಚುಕ್ಕೆಗೆ ತೋಳಿಲ್ಲ, ಭುಜ ಇಲ್ಲ. ಓದುವುದಕ್ಕೆ ಅಲ್ಲಿ ಏನೂ ಇಲ್ಲ.

ನಾವು ನೆಟ್ಸ್‌ನಲ್ಲಿ ಮಾಡುವುದು ಹೇಳುತ್ತೇನೆ. ಸ್ಟಂಪ್ ಹಿಂದೆ, ಬ್ಯಾಟ್ಸ್‌ಮನ್ ಕಣ್ಣಿನ ಎತ್ತರದಲ್ಲಿ ಮೊಬೈಲ್ ಕಟ್ಟಿ ನಮ್ಮದೇ ಬೌಲರ್‌ಗಳ ವಿಡಿಯೊ ತೆಗೆಯುತ್ತೇವೆ. ಚೆಂಡು ಕೈಬಿಡುವ ಹೊತ್ತಿಗೆ ಕತ್ತರಿಸುತ್ತೇವೆ. ಹುಡುಗರು ಬ್ಯಾಟ್ ಹಿಡಿದು ಗಾರ್ಡ್ ತೆಗೆದುಕೊಂಡು ಟಿವಿ ಮುಂದೆ ನಿಲ್ಲುತ್ತಾರೆ. ವಿಡಿಯೊ ನಿಂತ ಕೂಡಲೇ ಮುಂದಿನ ಕಾಲಾ, ಹಿಂದಿನ ಕಾಲಾ, ಹೆಜ್ಜೆ ಇಟ್ಟೇ ತೋರಿಸಬೇಕು. ಬಾಯಲ್ಲಿ ಹೇಳಿದರೆ ಅಂಕ ಇಲ್ಲ. ಆಮೇಲೆ ಉಳಿದ ತುಣುಕು ಓಡಿಸುತ್ತೇವೆ. ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಹಾಗೆ ತಕ್ಷಣ ಉತ್ತರ ಸಿಗುವುದರಿಂದಲೇ ಮಕ್ಕಳು ಗೇಮ್ ಬಿಟ್ಟು ಏಳುವುದಿಲ್ಲ. ಅದನ್ನು ನಾವು ಬಳಸಿಕೊಳ್ಳಬೇಕು.

ನಿಮಗೆ ಒಂದು ಕಿವಿಮಾತು. ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದರೆ ಒಂದು ಫ್ರೇಮ್‌ಗೂ ಇನ್ನೊಂದಕ್ಕೂ 33 ಮಿಲಿಸೆಕೆಂಡ್ ಅಂತರ. ಬ್ಯಾಡ್ಮಿಂಟನ್‌ಗೆ ಅದು ಜಾಸ್ತಿ ಆಯಿತು. 60ರಲ್ಲಿ ತೆಗೆಯಿರಿ. ಮೊದಲ ಲೆವೆಲ್‌ನಲ್ಲಿ ರಾಕೆಟ್ ಶಟಲ್‌ಗೆ ತಾಗುವಾಗ ನಿಲ್ಲಿಸಿ. ಮುಂದಿನದರಲ್ಲಿ ಐದಾರು ಫ್ರೇಮ್ ಮೊದಲೇ ನಿಲ್ಲಿಸಿ, ಅಂದರೆ ಸುಮಾರು 0.1 ಸೆಕೆಂಡ್ ಮುಂಚೆ. ಕಂಪ್ಯೂಟರಿನಲ್ಲಿ ಕಿನೋವಿಯಾ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಫ್ರೇಮ್ ಫ್ರೇಮ್ ನೋಡಲು ಅನುಕೂಲ.

ಬನಶಂಕರಿ ಪೆಡಲ್

ಇಲ್ಲಿ ಒಂದು ಮಾತು ಸೇರಿಸಬೇಕು. ಗೇಮ್‌ನಿಂದ ನಿಜವಾದ ಆಟಕ್ಕೆ ಹೋದವರು ಇದ್ದಾರೆ. ಆದರೆ ಎಲ್ಲಿ ಹೋದರು, ಯಾಕೆ ಆಯಿತು ಅಂತ ನೋಡಿ.

ನಾನು ಕನಕಪುರ ರಸ್ತೆ ಕಡೆ ಸೈಕಲ್ ಹೊಡೆಯುವವನು. ಟ್ರಾಫಿಕ್ ಇದ್ದಾಗ, ಜೋರು ಮಳೆ ಬಂದಾಗ ಮನೆಯಲ್ಲೇ ಟ್ರೇನರ್ ಸ್ಟ್ಯಾಂಡ್ ಮೇಲೆ ಸೈಕಲ್ ಇಟ್ಟು ಝ್ವಿಫ್ಟ್ ಆಡುತ್ತೇನೆ. ನಾವು ತುಳಿದ ಹಾಗೆ ಸ್ಕ್ರೀನಿನಲ್ಲಿ ಸೈಕಲ್ ಓಡುವ ಗೇಮ್ ಅದು. ಝ್ವಿಫ್ಟ್ ನಡೆಸುವ ಅಕಾಡೆಮಿ ಸ್ಪರ್ಧೆಯಲ್ಲಿ 2020ರಲ್ಲಿ ಗೆದ್ದ ಆಸ್ಟ್ರೇಲಿಯಾದ ಜೇ ವೈನ್‌ಗೆ ವೃತ್ತಿಪರ ತಂಡದಲ್ಲಿ ಜಾಗ ಸಿಕ್ಕಿತು. 2022ರಲ್ಲಿ ಅವರು ಸ್ಪೇನಿನ ವುವೆಲ್ಟಾ ಸೈಕಲ್ ರೇಸಿನಲ್ಲಿ ಎರಡು ಹಂತ ಗೆದ್ದರು. ಅಲ್ಲಿ ಸ್ಕ್ರೀನ್ ಇದ್ದರೂ ತುಳಿಯುವುದು ಅದೇ ಕಾಲು, ಬರುವುದು ಅದೇ ಏದುಸಿರು. ಕಾರ್ ರೇಸಿನಲ್ಲೂ ಹೀಗೇ. ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ನಡೆಸಿದ ಜಿಟಿ ಅಕಾಡೆಮಿ ಎಂಬ ಕಾರ್ ಗೇಮ್ ಸ್ಪರ್ಧೆಯಲ್ಲಿ 2011ರಲ್ಲಿ ಗೆದ್ದ ಜಾನ್ ಮಾರ್ಡೆನ್‌ಬರೋ, 2013ರಲ್ಲಿ ಲ ಮಾನ್ 24 ಗಂಟೆ ರೇಸಿನಲ್ಲಿ ನಿಜವಾದ ಕಾರು ಓಡಿಸಿದರು. ಸ್ಟೀರಿಂಗ್, ಬ್ರೇಕ್, ತಿರುವಿನ ಗೆರೆ, ಇವು ಗೇಮ್‌ನಲ್ಲೂ ಇವೆ, ಟ್ರ್ಯಾಕ್‌ನಲ್ಲೂ ಇವೆ. ಹಾಗಿದ್ದರೂ ಗೆದ್ದವರನ್ನು ನೇರವಾಗಿ ರೇಸಿಗೆ ಬಿಡಲಿಲ್ಲ. ನಿಜವಾದ ಕಾರಿನಲ್ಲಿ ತರಬೇತಿ ಕೊಟ್ಟ ಮೇಲೇ ಇಳಿಸಿದ್ದು.

ಸೋಫಾದಲ್ಲಿ ಕೂತು ಹೆಬ್ಬೆರಳಲ್ಲಿ ಆಡುವ ಬ್ಯಾಡ್ಮಿಂಟನ್ ಗೇಮ್‌ನಲ್ಲಿ ಇಂಥದ್ದು ಏನಿದೆ ಹೇಳಿ? ಕಾಲಿಲ್ಲ, ಮಣಿಕಟ್ಟಿಲ್ಲ. ವಿಆರ್ ಅದಕ್ಕಿಂತ ಪರವಾಗಿಲ್ಲ. ಆದರೆ ಶಟಲ್ ತಾಗಿದ ಅನುಭವ ಕೈಗೆ ಬರುವುದಿಲ್ಲ, ತಲೆ ಮೇಲೆ ಭಾರ, ಓಡಲು ಜಾಗ ಕಡಿಮೆ. ಇನ್ನೊಂದು ವಿಷಯ ಆ ತಂದೆಗೆ ಹೇಳಿ. ಮೆಟಾ ಕ್ವೆಸ್ಟ್ ಅನ್ನುವ ವಿಆರ್ ಹೆಡ್‌ಸೆಟ್ 10 ವರ್ಷದ ಒಳಗಿನವರಿಗೆ ಅಲ್ಲ. 10ರಿಂದ 12ರವರೆಗಿನ ಮಕ್ಕಳಿಗೆ ಪೋಷಕರು ನೋಡಿಕೊಳ್ಳುವ ಖಾತೆಯೇ ಬೇಕು. ನಿಮ್ಮ ಬ್ಯಾಚಿಗೆ ಒಂದೇ ಹೆಡ್‌ಸೆಟ್ ಇದ್ದರೆ ಒಬ್ಬ ಆಡುತ್ತಾನೆ, ಉಳಿದವರು ಸುಮ್ನೆ ನಿಂತಿರುತ್ತಾರೆ.

ರಾಜಾಜಿನಗರ ಅಮ್ಮ

ಪೋಷಕರ ಕಡೆಯಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಚೆಸ್ ಆಡುತ್ತಾಳೆ. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ಪಜಲ್ ಬಿಡಿಸುತ್ತಾಳೆ. ಅದು ಉಚಿತ, ಜಾಹೀರಾತೂ ಇಲ್ಲ. ಚೆಸ್‌ನಲ್ಲಿ ಬೋರ್ಡಿನ ಮೇಲೆ ಯೋಚಿಸುವುದನ್ನೇ ಸ್ಕ್ರೀನಿನ ಮೇಲೂ ಯೋಚಿಸುತ್ತಾರೆ, ಹಾಗಾಗಿ ನಮಗೆ ಅನುಮಾನ ಬರಲಿಲ್ಲ. ಆದರೂ ಕೋಚ್ ಒಂದು ನಿಯಮ ಇಟ್ಟಿದ್ದಾರೆ: ತಪ್ಪಾದ ಪಜಲನ್ನು ಮರದ ಬೋರ್ಡಿನ ಮೇಲೆ ಜೋಡಿಸಿ, ಯಾಕೆ ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಬೇಕು. ಅಂಕದ ಆಸೆಗೆ ಪಟಪಟ ಒತ್ತುವುದು ಆಗ ನಿಂತಿತು.

ಆ ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಮೊಬೈಲ್ ಮಗುವಿನ ಕೈಗೆ ಹೋದರೆ ಮುಂದಿನ ವಿಡಿಯೊ ತಾನೇ ಬರುತ್ತದೆ. ಅದಕ್ಕೆ ಮೇಡಂ, ಫೋನ್ ನಿಮ್ಮ ಕೈಯಲ್ಲಿರಲಿ. ಮನೆಗೆ ಆ್ಯಪ್ ಹೋಮ್‌ವರ್ಕ್ ಕೊಡಬೇಡಿ. ಏನು ತೋರಿಸುತ್ತೀರಿ, ಎಷ್ಟು ಹೊತ್ತು ಅಂತ ಪೋಷಕರ ಗುಂಪಿನಲ್ಲಿ ಮೊದಲೇ ಹಾಕಿ. ಮಕ್ಕಳ ವಿಡಿಯೊ ತೆಗೆಯುವುದಾದರೆ ಅವರ ಮನೆಯವರನ್ನು ಕೇಳಿಯೇ ತೆಗೆಯಿರಿ. ಅದನ್ನು ಬೇರೆ ಎಲ್ಲೂ ಹಂಚಬೇಡಿ.

ವಿಜಯನಗರ ಶಟಲ್ ಕೋಚ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಜಯನಗರದ ಸರ್ ಹೇಳಿದ ಹಾಗೆ ಮಾಡಿದೆ. ಮನೆಯವರನ್ನು ಕೇಳಿ, ದೊಡ್ಡ ಮಕ್ಕಳ ಹೊಡೆತಗಳನ್ನು ನೆಟ್‌ನ ಈಚೆ ಬದಿಯಿಂದ ವಿಡಿಯೊ ಮಾಡಿದೆ. ನಮ್ಮ ಆಟಗಾರ ನಿಲ್ಲುವ ಜಾಗದಲ್ಲೇ, ಅವನ ಕಣ್ಣಿನ ಎತ್ತರದಲ್ಲೇ ಫೋನ್ ಇತ್ತು. ಕೋರ್ಟಿಗೆ ಕಾಯುವ ಹೊತ್ತಿನಲ್ಲಿ ಕಾರಿಡಾರಿನ ಗೋಡೆಗೆ ಟ್ಯಾಬ್ ಒರಗಿಸಿ ಆಡಿಸಿದೆ. ಕೋರ್ಟಿನ ಒಂದು ನಿಮಿಷವೂ ಹೋಗಲಿಲ್ಲ.

ಮಕ್ಕಳಿಗೆ ಎಷ್ಟು ಇಷ್ಟವಾಯಿತು ಅಂದರೆ, "ಮಿಸ್, ಇನ್ನೊಂದು ಲೆವೆಲ್" ಅಂತ ಹಿಂದೆ ಬಿದ್ದರು. ಒಬ್ಬ ಹುಡುಗಿ, "ಅವನ ಮೊಣಕೈ ನಿಧಾನ ಆಯ್ತು, ಅದಕ್ಕೇ ಡ್ರಾಪ್" ಅಂದಳು. ಇಂಥ ಮಾತು ಅವಳ ಬಾಯಿಂದ ಮೊದಲ ಸಲ ಕೇಳಿದ್ದು. ನನಗೆ ತುಂಬ ಸಂತೋಷವಾಯಿತು.

ಗೇಮ್‌ಗಳ ಇನ್ನೊಂದು ಗುಣವನ್ನೂ ಕೋರ್ಟಿಗೆ ತಂದಿದ್ದೇನೆ, ಇದಕ್ಕೆ ಸ್ಕ್ರೀನ್ ಬೇಡ. ಪಂದ್ಯವನ್ನು ಕೊನೆಯ ಹಂತದಿಂದ, ಅಂದರೆ 17-17ರಿಂದ ಶುರು ಮಾಡಿಸುತ್ತೇನೆ. ಒಬ್ಬೊಬ್ಬರಿಗೂ ಒಂದು "ಪಾಸ್" ಇದೆ. ರ‍್ಯಾಲಿ ಮುಗಿದ ಮೇಲೆ ಅದನ್ನು ಕೇಳಿ, ಈಗ ಏನಾಯಿತು ಅಂತ ಹೇಳಿ, ಅದೇ ಜಾಗದಿಂದ ಮತ್ತೆ ಆಡಬಹುದು. ಕಷ್ಟದ ಜಾಗಕ್ಕೆ ಮತ್ತೆ ಹೋಗಲು ಈಗ ಹೆದರುವುದಿಲ್ಲ.

ವಿಆರ್ ಬೇಡ ಅಂತ ಆ ತಂದೆಗೆ ಹೇಳಿದೆ. ಆ ದುಡ್ಡಲ್ಲಿ ಬ್ಯಾಚಿಗೆ ಶಟಲ್ ಕೊಡಿಸುತ್ತಾರಂತೆ. ಈಗ ಒಂದು ಅನುಮಾನ ಉಳಿದಿದೆ. ತೋಳು ನೋಡಿ ಮೊದಲೇ ಹೊರಡಲು ಕಲಿಸಿದರೆ, ಮೋಸದ ಹೊಡೆತ ಆಡುವವರ ಎದುರು ನಮ್ಮ ಮಕ್ಕಳು ಸಿಕ್ಕಿಬೀಳುವುದಿಲ್ವಾ?

ಮಲ್ಲೇಶ್ವರದ ಹಳೇ ಆಟಗಾರ

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಮೇಡಂ. ಖಂಡಿತ ಸಿಕ್ಕಿಬೀಳುತ್ತಾರೆ, ಹಾಗೆ ಬೀಳುವುದನ್ನೂ ಅಭ್ಯಾಸ ಮಾಡಿಸಬೇಕು. ನಮ್ಮ ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿಯ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಅವರದು ಭಯಂಕರ ಸ್ಮ್ಯಾಷ್. ಪ್ರಕಾಶ್ ವೇಗಕ್ಕೆ ವೇಗ ಕೊಡಲಿಲ್ಲ. ರಾಕೆಟ್ ತಡೆದು, ಕೊನೆ ಗಳಿಗೆಯಲ್ಲಿ ಶಟಲ್ ಬೇರೆ ಕಡೆ ಕಳಿಸುವುದು ಅವರ ಶಕ್ತಿ. ಅಂಥವರ ಎದುರು ತೋಳು ನೋಡಿ ಪೂರ್ತಿ ಓಡಿಬಿಟ್ಟರೆ ವಾಪಸ್ ಬರುವುದು ಕಷ್ಟ.

ಅದಕ್ಕೆ ನಿಮ್ಮ ಗೇಮ್‌ಗೆ ಎರಡು ಸೇರಿಸಿ. ಒಂದು, ಒಂದೇ ಥರ ಶುರುವಾಗಿ ಬೇರೆ ಥರ ಮುಗಿಯುವ ಹೊಡೆತಗಳ ತುಣುಕು. ಬ್ಯಾಚಿನಲ್ಲಿ ಮಣಿಕಟ್ಟು ಚೆನ್ನಾಗಿರುವ ಹುಡುಗ ಇದ್ದೇ ಇರುತ್ತಾನೆ, ಅವನ ಕೈಯಲ್ಲಿ ಹೊಡೆಸಿ ತೆಗೆಯಿರಿ. ಎರಡನೆಯದು, ಉತ್ತರದಲ್ಲಿ "ಗೊತ್ತಿಲ್ಲ" ಅನ್ನುವುದಕ್ಕೂ ಜಾಗ ಕೊಡಿ. ಗೊತ್ತಿಲ್ಲ ಅಂದವರು ಸ್ಪ್ಲಿಟ್ ಸ್ಟೆಪ್ ಹಾಕಿ (ಸಣ್ಣಗೆ ಜಿಗಿದು ಎರಡೂ ಕಾಲು ಅಗಲಿಸಿ, ಯಾವ ಕಡೆಗಾದರೂ ಹೊರಡಲು ಸಿದ್ಧವಾಗಿ) ನಡುವೆ ನಿಲ್ಲಬೇಕು, ಅದಕ್ಕೆ ಅರ್ಧ ಅಂಕ. ತಪ್ಪು ಕಡೆ ಓಡಿದರೆ ಒಂದು ಅಂಕ ಕಡಿತ. ಆಗ ಖಾತ್ರಿ ಇದ್ದಾಗ ಹೊರಡುವುದು, ಇಲ್ಲದಾಗ ಕಾಯುವುದು, ಎರಡೂ ಬರುತ್ತವೆ.

ಮತ್ತೆ, ಟ್ಯಾಬ್ ಮುಗಿದ ಕೂಡಲೇ ವಿಡಿಯೊದಲ್ಲಿ ಹೊಡೆದ ಹುಡುಗನನ್ನೇ ಕೋರ್ಟಿಗೆ ಇಳಿಸಿ, ಅವೇ ಹೊಡೆತಗಳನ್ನು ನಿಜವಾದ ಶಟಲ್‌ನಲ್ಲಿ ಹೊಡೆಸಿ. ಎದುರಿಗೆ ಚಿಕ್ಕವರು ನಿಲ್ಲಲಿ. ಮಧ್ಯೆ ನೀರು ಕುಡಿಯುವಷ್ಟು ಬಿಡುವು ಸಾಕು. ಶನಿವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ. ನೀವು ಬೇಕು ಅಂದರೆ ಬಂದು ಮೋಸದ ಹೊಡೆತ ಹೊಡೆದುಕೊಡುತ್ತೇನೆ, ನೀವು ವಿಡಿಯೊ ಮಾಡಿಕೊಳ್ಳಿ.